ಫೋನಿಗೊಂದು ಚಾಳೀಸು

ಗೋಡೆಯ ಮೇಲೆ ಸಾಲಾಗಿ ಹೋಗುತ್ತಿರುವ ಇರುವೆಗಳಲ್ಲಿ ಒಂದರ ಚಿತ್ರ ತೆಗೆಯಬೇಕೆಂದು ನೀವು ಸ್ಮಾರ್ಟ್‌ಫೋನನ್ನು ಹತ್ತಿರ ಹಿಡಿಯುತ್ತೀರಿ ಎಂದುಕೊಳ್ಳಿ. ಇರುವೆ ಒಂದು ಚುಕ್ಕೆಯಷ್ಟೇ ಕಾಣುತ್ತದೆ. ಇನ್ನೂ ಹತ್ತಿರ ಹೋಗುತ್ತೀರಿ. ಒಂದು ಹಂತದ ತನಕ ಚಿತ್ರ ಸ್ಪಷ್ಟವಾಗಿಯೇ ಇರುತ್ತದೆ. ಅದನ್ನು ದಾಟಿದೊಡನೆ ಇರುವೆಯೂ ಗೋಡೆಯೂ ಒಂದೇ ಮಂಜಿನಲ್ಲಿ ಕರಗಿಹೋಗುತ್ತವೆ. ಸರಿ, ಹಿಂದೆ ಸರಿದು, ಪರದೆಯ ಮೇಲೆ ಎರಡು ಬೆರಳಾಡಿಸಿ ಚಿತ್ರವನ್ನು ಹಿಗ್ಗಿಸುತ್ತೀರಿ. ಇರುವೆ ದೊಡ್ಡದೇನೋ ಆಗುತ್ತದೆ, ಆದರೆ ಅದರ ಕಾಲಿನ ಗಂಟಾಗಲಿ ಕುಡಿಮೀಸೆಯ ಬಾಗಾಗಲಿ ಕಾಣುವುದಿಲ್ಲ. ಇಲ್ಲದ ವಿವರವನ್ನು ಹಿಗ್ಗಿಸಿದರೆ ಸಿಗುವುದಾದರೂ ಏನು?

ಇದಕ್ಕೆ ಮದ್ದೆಂದು ಅಂಗಡಿಗಳಲ್ಲಿ ಒಂದು ಸಾಧನ ಸಿಗುತ್ತದೆ. ಬಟ್ಟೆ ಒಣಹಾಕುವ ಕ್ಲಿಪ್ಪಿನಂಥ ಹಿಡಿಕೆ, ಅದರ ತುದಿಗೆ ತಿರುಗಿಸಿ ಕೂರಿಸುವ ಪುಟ್ಟ ಮಸೂರ. ಫೋನಿನ ಅಂಚಿಗೆ ಕಚ್ಚಿಸಿದರೆ ಅದರ ಕ್ಯಾಮೆರಾದ ಎದುರಿಗೆ ಹೊರಗಿನದೊಂದು ಮಸೂರ ಬಂದು ನಿಲ್ಲುತ್ತದೆ. 2011ರಲ್ಲಿ ಅಮೆರಿಕದ ಓಲೋಕ್ಲಿಪ್ ಎಂಬ ಸಂಸ್ಥೆ ಐಫೋನ್ 4ಕ್ಕೆಂದು ಇಂಥ ಮೂರು ಮಸೂರಗಳ ಸಲಕರಣೆಯೊಂದನ್ನು ತಂದಿತು. ಆಮೇಲೆ ಕೆಲವು ನೂರು ರೂಪಾಯಿಗೆ ದೊರೆಯುವ ಅಗ್ಗದ ಜೋಡಣೆಗಳು ಎಲ್ಲೆಲ್ಲೂ ಬಂದವು. ಪೆಟ್ಟಿಗೆಯ ಮೇಲೆ ಬೇಕಾದಷ್ಟು ಭರವಸೆಗಳಿರುತ್ತವೆ: ದೂರದ್ದು ಹತ್ತಿರವಾಗುತ್ತದೆ, ಇಡೀ ಕೋಣೆ ಒಂದೇ ಚಿತ್ರದಲ್ಲಿ ಹಿಡಿಯುತ್ತದೆ, ಸಣ್ಣದು ದೊಡ್ಡದಾಗುತ್ತದೆ. ಈ ಮೂರರಲ್ಲಿ ವಿದ್ಯಾರ್ಥಿಯೊಬ್ಬ ಹಣ ಕೊಡಬೇಕಾದದ್ದು ಮೂರನೆಯದಕ್ಕೆ ಮಾತ್ರ ಎಂಬುದು ನನ್ನ ಅಭಿಪ್ರಾಯ. ಕಾರಣವನ್ನು ನಿಮ್ಮ ಭೌತಶಾಸ್ತ್ರದ ಪುಸ್ತಕದಿಂದಲೇ ತೆಗೆದು ತೋರಿಸಬಹುದು.

ಫೋನಿನ ಕ್ಯಾಮೆರಾದ ಒಳಗಿರುವುದು ಹಲವು ಸಣ್ಣ ಮಸೂರಗಳ ಗುಂಪು. ಒಟ್ಟಾಗಿ ಅದು ಒಂದು ಪೀನ ಮಸೂರದಂತೆ ವರ್ತಿಸುತ್ತದೆ. ಫೋನು ತೆಳ್ಳಗಿರಬೇಕಾದ್ದರಿಂದ ಅದರ ಸಂಗಮದೂರವೂ ಬಹಳ ಕಡಿಮೆ. ಲೆಕ್ಕ ಸುಲಭವಾಗಲೆಂದು 5 ಮಿಲಿಮೀಟರ್ ಎಂದಿಟ್ಟುಕೊಳ್ಳೋಣ. ದೂರದ ಬೆಟ್ಟವನ್ನು ನೋಡುವಾಗ ಬಿಂಬ ಸರಿಯಾಗಿ 5 ಮಿ.ಮೀ. ಹಿಂದೆ, ಬೆಳಕನ್ನು ಗ್ರಹಿಸುವ ಸಂವೇದಕದ ಮೇಲೆ ಬೀಳುತ್ತದೆ. ವಸ್ತು 10 ಸೆಂಟಿಮೀಟರಿಗೆ ಬಂದಾಗ ಬಿಂಬ ಸುಮಾರು ಕಾಲು ಮಿ.ಮೀ. ಹಿಂದಕ್ಕೆ ಸರಿಯುತ್ತದೆ. ಆಗ ಫೋನಿನೊಳಗಿನ ಪುಟ್ಟ ಯಂತ್ರ ಮಸೂರವನ್ನು ಅಷ್ಟೇ ಮುಂದೆ ತಳ್ಳಿ ಲೆಕ್ಕ ಸರಿಮಾಡುತ್ತದೆ. ಈಗ ಇರುವೆಯನ್ನು ಎರಡೂವರೆ ಸೆಂಟಿಮೀಟರಿಗೆ ತನ್ನಿ. ಮಸೂರವನ್ನು ಒಂದೂಕಾಲು ಮಿ.ಮೀ. ತಳ್ಳಬೇಕು, ಅಂದರೆ ಐದು ಪಟ್ಟು. ಅದಕ್ಕೆ ಒಳಗೆ ಜಾಗವೇ ಇಲ್ಲ. ಚಿತ್ರ ಮಂಜಾಗುವುದು ಈ ಕಾರಣಕ್ಕೆ.

ನಮ್ಮ ಮನೆಗಳಲ್ಲಿ ಹಿರಿಯರಿಗೆ ಆಗುವುದೂ ಇಂಥದೇ. ವಯಸ್ಸಾದಂತೆ ಕಣ್ಣಿನ ಮಸೂರ ಹತ್ತಿರದ ವಸ್ತುವಿಗೆ ಹೊಂದಿಕೊಳ್ಳುವ ಶಕ್ತಿ ಕಳೆದುಕೊಳ್ಳುತ್ತದೆ. ಪಂಚಾಂಗವನ್ನು ಕೈಯುದ್ದ ದೂರ ಹಿಡಿದು ಓದಬೇಕಾಗುತ್ತದೆ. ಅದಕ್ಕೆ ನಾವು ಕೊಡುವುದು ಚಾಳೀಸು. ಹಿಂದಿಯಲ್ಲಿ ಚಾಲೀಸ್ ಎಂದರೆ ನಲವತ್ತು. ನಲವತ್ತರ ಆಸುಪಾಸಿನಲ್ಲಿ ಬೇಕಾಗುವ ಕನ್ನಡಕಕ್ಕೆ ಆ ಹೆಸರೇ ನಿಂತಿತು. ಚಾಳೀಸಿನ ಗಾಜು ಪೀನ ಮಸೂರ. ಫೋನಿಗೆ ಕಚ್ಚಿಸುವ ಸಮೀಪ ಮಸೂರವೂ ಪೀನ ಮಸೂರವೇ. ವ್ಯತ್ಯಾಸ ಸಾಮರ್ಥ್ಯದಲ್ಲಿ ಮಾತ್ರ. ಅಜ್ಜನ ಚಾಳೀಸು ಎರಡೋ ಎರಡೂವರೆಯೋ ಡಯಾಪ್ಟರ್ ಇದ್ದರೆ, 25 ಮಿ.ಮೀ. ಸಂಗಮದೂರದ ಈ ಮಸೂರ 40 ಡಯಾಪ್ಟರ್.

ಇದು ಕೆಲಸ ಮಾಡುವ ಬಗೆ ಬಹಳ ಸೊಗಸಾಗಿದೆ. ಪೀನ ಮಸೂರದ ಸಂಗಮಬಿಂದುವಿನಲ್ಲಿ ವಸ್ತುವನ್ನಿಟ್ಟರೆ ಅದರಿಂದ ಹೊರಟ ಕಿರಣಗಳು ಮಸೂರವನ್ನು ದಾಟಿದ ಮೇಲೆ ಸಮಾಂತರವಾಗುತ್ತವೆ. ಇದು ನೀವು ಕಿರಣಚಿತ್ರ ಬರೆದು ಅಂಕ ಪಡೆದ ವಿಷಯ. ಸಮಾಂತರ ಕಿರಣಗಳು ಬರುವುದು ಬಹು ದೂರದ ವಸ್ತುವಿನಿಂದ. ಆದ್ದರಿಂದ ಎರಡೂವರೆ ಸೆಂಟಿಮೀಟರಿನಲ್ಲಿರುವ ಇರುವೆ ಫೋನಿಗೆ ದೂರದ ಬೆಟ್ಟದ ಹಾಗೆ ತೋರುತ್ತದೆ. ಅದು ಯಾವ ಕಷ್ಟವೂ ಇಲ್ಲದೆ ಬೆಟ್ಟದ ಚಿತ್ರ ತೆಗೆಯುವಂತೆ ಇರುವೆಯ ಚಿತ್ರ ತೆಗೆಯುತ್ತದೆ!

ಲಾಭವೆಷ್ಟು? ಹೊರ ಮಸೂರವಿಲ್ಲದೆ 10 ಸೆಂ.ಮೀ. ದೂರದಿಂದ ತೆಗೆದರೆ ಸಂವೇದಕದ ಮೇಲಿನ ಬಿಂಬ ಇರುವೆಯ ಇಪ್ಪತ್ತನೆಯ ಒಂದು ಭಾಗದಷ್ಟಿರುತ್ತದೆ. ಹೊರ ಮಸೂರ ಹಾಕಿದಾಗ ಬಿಂಬದ ಪ್ರಮಾಣ ಎರಡು ಸಂಗಮದೂರಗಳ ಭಾಗಲಬ್ಧ, ಅಂದರೆ 5ನ್ನು 25ರಿಂದ ಭಾಗಿಸಿದರೆ ಬರುವ ಐದನೆಯ ಒಂದು. 5 ಮಿ.ಮೀ. ಉದ್ದದ ಇರುವೆ ಮೊದಲು ಕಾಲು ಮಿ.ಮೀ. ಇದ್ದದ್ದು ಈಗ ಒಂದು ಮಿ.ಮೀ. ಆಯಿತು. ಉದ್ದದಲ್ಲಿ ನಾಲ್ಕು ಪಟ್ಟು, ವಿಸ್ತೀರ್ಣದಲ್ಲಿ ಹದಿನಾರು ಪಟ್ಟು. ಇದು ಬೆರಳಿನಿಂದ ಹಿಗ್ಗಿಸಿದ ದೊಡ್ಡದಲ್ಲ; ಬೆಳಕೇ ಹೊತ್ತು ತಂದ ವಿವರ. ಪೆಟ್ಟಿಗೆಯ ಮೇಲಿರುವ 10 ಎಕ್ಸ್, 15 ಎಕ್ಸ್ ಎಂಬ ಬರಹಕ್ಕೆ ಮರುಳಾಗಬೇಡಿ. ಅದು 25 ಸೆಂ.ಮೀ. ದೂರದಿಂದ ಬರಿಗಣ್ಣಿಗೆ ಕಾಣುವುದಕ್ಕೆ ಹೋಲಿಸಿ ಭೂತಗನ್ನಡಿಗೆ ಹೇಳುವ ಅಂಕಿ. 250ನ್ನು ಆ ಅಂಕಿಯಿಂದ ಭಾಗಿಸಿದರೆ ಸಂಗಮದೂರ ಮಿಲಿಮೀಟರಿನಲ್ಲಿ ಸಿಗುತ್ತದೆ. ನಮಗೆ ಬೇಕಾದದ್ದು ಅಷ್ಟೇ.

ಇನ್ನು ಉಳಿದೆರಡು ಮಸೂರಗಳ ಮಾತು. 1609ರಲ್ಲಿ ಗೆಲಿಲಿಯೊ ಆಕಾಶಕ್ಕೆ ತಿರುಗಿಸಿದ ದೂರದರ್ಶಕದಲ್ಲಿ ಮುಂದೆ ಪೀನ ಮಸೂರ, ಕಣ್ಣಿನ ಬಳಿ ನಿಮ್ನ ಮಸೂರ ಇದ್ದವು. ದೂರದ್ದನ್ನು ಹತ್ತಿರ ತರುವ ಕ್ಲಿಪ್ ಮಸೂರಗಳಲ್ಲಿ ಎಷ್ಟೋ ಆ ಕೊಳವೆಯ ಮರಿಗಳೇ. ಅದೇ ಕೊಳವೆಯನ್ನು ತಿರುಗಿಸಿ ಹಿಡಿದರೆ ಎಲ್ಲವೂ ಕಿರಿದಾಗಿ ಹೆಚ್ಚು ವಿಸ್ತಾರ ಕಾಣುತ್ತದೆ. ವಿಶಾಲಕೋನ ಮಸೂರದ ಗುಟ್ಟು ಅದು. ಅಗ್ಗದ ಜೋಡಣೆ ನಿಮ್ಮಲ್ಲಿದ್ದರೆ ಒಂದು ತಮಾಷೆ ನೋಡಿ. ವಿಶಾಲಕೋನ ಮಸೂರದ ಮುಂಭಾಗವನ್ನು ತಿರುಗಿಸಿದರೆ ಎಷ್ಟೋ ವೇಳೆ ಅದು ಬಿಚ್ಚಿ ಬರುತ್ತದೆ. ಕೈಗೆ ಬಂದದ್ದು ನಿಮ್ನ ಮಸೂರ, ಕ್ಲಿಪ್ಪಿನಲ್ಲಿ ಉಳಿದದ್ದು ಪೀನ ಮಸೂರ. ಆ ಉಳಿದದ್ದೇ ನಮ್ಮ ಸಮೀಪ ಮಸೂರ! ವ್ಯಾಪಾರಿ ಎರಡು ಮಸೂರವೆಂದು ಮಾರಿದ್ದು ಒಂದೇ ಸಾಮಾನು.

ಹಿಂದೆ ಫೋನಿಗೆ ಒಂದೇ ಕ್ಯಾಮೆರಾ ಇದ್ದಾಗ ಇವೆರಡಕ್ಕೂ ಅರ್ಥವಿತ್ತು. ಇಂದು ಸಾಮಾನ್ಯ ಬೆಲೆಯ ಎಷ್ಟೋ ಫೋನುಗಳಲ್ಲಿ ವಿಶಾಲಕೋನದ ಕ್ಯಾಮೆರಾ ಒಳಗೇ ಇರುತ್ತದೆ. ದುಬಾರಿಯವುಗಳಲ್ಲಿ ದೂರದ್ದೂ ಇರುತ್ತದೆ. ಅಗ್ಗದ ಹೊರ ಮಸೂರ ಅವುಗಳಿಗಿಂತ ಕೆಟ್ಟ ಚಿತ್ರವನ್ನೇ ಕೊಡುವುದು ಹೆಚ್ಚು: ಮೂಲೆಗಳು ಕಪ್ಪು, ಅಂಚುಗಳಲ್ಲಿ ನೇರಳೆ ಗೆರೆ. ಬೇರೆ ಬೇರೆ ಬಣ್ಣದ ಬೆಳಕು ಗಾಜಿನಲ್ಲಿ ಬೇರೆ ಬೇರೆಯಾಗಿ ಬಾಗುವುದರಿಂದ ಬರುವ ದೋಷವಿದು. ಒಂಟಿ ಮಸೂರದಲ್ಲಿ ತಪ್ಪುವುದಿಲ್ಲ. ಒಳ್ಳೆಯ ಗಾಜಿನ ದೂರ ಮಸೂರಗಳು ಇಲ್ಲವೆಂದಲ್ಲ. 2025ರಲ್ಲಿ ವಿವೋ ಕಂಪನಿ ತನ್ನ ಎಕ್ಸ್200 ಅಲ್ಟ್ರಾ ಫೋನಿಗೆ ಜೈಸ್ ಹೆಸರಿನ ಹೊರ ಮಸೂರವೊಂದನ್ನು ತಂದಿತು. ಅದು ಕ್ಲಿಪ್ಪಿನ ಜಾತಿಯದಲ್ಲ, ಬೆಲೆಯೂ ವಿದ್ಯಾರ್ಥಿಯ ಜೇಬಿನದಲ್ಲ.

ಸಮೀಪ ಮಸೂರವೂ ಎಲ್ಲರಿಗೂ ಬೇಕೆಂದಿಲ್ಲ. 2021ರ ಐಫೋನ್ 13 ಪ್ರೊ ತನ್ನ ವಿಶಾಲಕೋನ ಕ್ಯಾಮೆರಾದಿಂದಲೇ 2 ಸೆಂ.ಮೀ. ಹತ್ತಿರ ಹೋಗಬಲ್ಲದು. ಕೊಳ್ಳುವ ಮುನ್ನ ನಿಮ್ಮ ಫೋನು ಎಷ್ಟು ಹತ್ತಿರ ಹೋಗುತ್ತದೆಂದು ಅಳತೆಪಟ್ಟಿ ಇಟ್ಟು ನೋಡಿ. ಅಗ್ಗದ ಫೋನುಗಳಲ್ಲಿ ಹೆಸರಿಗೊಂದು ಪ್ರತ್ಯೇಕ ಸಮೀಪ ಕ್ಯಾಮೆರಾ ಇರುವುದುಂಟು, 2 ಮೆಗಾಪಿಕ್ಸೆಲಿನದು. ಅದನ್ನು ಮರೆತು ಮುಖ್ಯ ಕ್ಯಾಮೆರಾಕ್ಕೆ ಒಳ್ಳೆಯ ಪೀನ ಮಸೂರ ಕಚ್ಚಿಸುವುದೇ ಲೇಸು.

ಬಳಸುವಾಗ ಮೊದಲ ತೊಡಕೆಂದರೆ ಫೋನಿನ ಬೆನ್ನ ಮೇಲಿರುವ ಮೂರು ನಾಲ್ಕು ಕಣ್ಣುಗಳಲ್ಲಿ ಮುಖ್ಯವಾದದ್ದು ಯಾವುದು ಎಂಬುದು. ಕ್ಯಾಮೆರಾ ತೆರೆದು ಒಂದೊಂದನ್ನೇ ಬೆರಳಿನಿಂದ ಮುಚ್ಚಿ. ಯಾವುದನ್ನು ಮುಚ್ಚಿದಾಗ ಪರದೆ ಕತ್ತಲಾಗುತ್ತದೋ ಅದೇ. ಕೆಲವು ಫೋನುಗಳು ವಸ್ತು ಹತ್ತಿರ ಬಂದೊಡನೆ ನಿಮ್ಮನ್ನು ಕೇಳದೆ ಬೇರೆ ಕ್ಯಾಮೆರಾಕ್ಕೆ ಜಿಗಿಯುತ್ತವೆ. ಆ ಸೌಲಭ್ಯವನ್ನು ಆರಿಸಿಡಬೇಕು. ಮಸೂರದ ನಡು ಕ್ಯಾಮೆರಾದ ನಡುವಿಗೆ ಸರಿಯಾಗಿ ಕೂರಬೇಕು, ಕೂದಲೆಳೆ ಓರೆಯಾದರೂ ಒಂದು ಪಕ್ಕ ಮಸುಕಾಗುತ್ತದೆ. ಮೂಲೆ ಕಪ್ಪಾದರೆ ಸ್ವಲ್ಪ ಹಿಗ್ಗಿಸಿಕೊಳ್ಳಿ.

ಇಷ್ಟು ಹತ್ತಿರದಲ್ಲಿ ಸ್ಪಷ್ಟವಾಗಿ ಕಾಣುವ ಪದರ ಬಹಳ ತೆಳು, ಒಂದೆರಡು ಮಿ.ಮೀ. ಇದ್ದರೆ ಹೆಚ್ಚು. ಇರುವೆಯ ಕಣ್ಣು ಸ್ಪಷ್ಟವಾದರೆ ಹಿಂಗಾಲು ಮಸುಕು. ಪರದೆಯನ್ನು ಮುಟ್ಟುತ್ತ ಕೂರುವುದಕ್ಕಿಂತ ಮೊಣಕೈ ಊರಿ, ಫೋನನ್ನೇ ಸ್ವಲ್ಪ ಹಿಂದೆ ಮುಂದೆ ಆಡಿಸುತ್ತ ಹತ್ತಾರು ಚಿತ್ರ ತೆಗೆದು ಒಂದನ್ನು ಆರಿಸಿಕೊಳ್ಳುವುದು ವಾಸಿ. ಬೆಳಕು ಇನ್ನೊಂದು ಸಮಸ್ಯೆ. ಫೋನಿನ ನೆರಳೇ ವಸ್ತುವಿನ ಮೇಲೆ ಬೀಳುತ್ತದೆ. ಫೋನಿನ ದೀಪ ಹಚ್ಚಿದರೆ ಕ್ಲಿಪ್ಪು ಅಡ್ಡ ಬರುತ್ತದೆ. ಎದುರು ಪಕ್ಕದಲ್ಲಿ ನೋಟ್‌ಬುಕ್ಕಿನ ಬಿಳಿ ಹಾಳೆಯೊಂದನ್ನು ನಿಲ್ಲಿಸಿ ಬಿಸಿಲನ್ನು ಅದರಿಂದ ಹಾಯಿಸಿ. ಕೀಟಗಳಿಗಾದರೆ ಬೆಳಗಿನ ತಂಪು ಹೊತ್ತು ಅನುಕೂಲ, ಆಗ ಅವು ಹೆಚ್ಚು ಓಡಾಡವು. ಅವನ್ನು ಶೀತಪೆಟ್ಟಿಗೆಯಲ್ಲಿಟ್ಟು ಮರಗಟ್ಟಿಸಿ ಚಿತ್ರ ತೆಗೆಯುವವರಿದ್ದಾರೆ, ಅದು ಬೇಡ.

ಕೀಟವೇ ಆಗಬೇಕೆಂದೂ ಇಲ್ಲ. ದಿನಪತ್ರಿಕೆಯ ಬಣ್ಣದ ಚಿತ್ರವನ್ನು ನೋಡಿದರೆ ಅದು ನೀಲಿ, ಗುಲಾಬಿ, ಹಳದಿ, ಕಪ್ಪು ಚುಕ್ಕೆಗಳ ಸಂತೆ. ಈ ಭಾಷಣ ಕೇಳುತ್ತಿರುವ ಟಿ.ವಿ. ಪರದೆಯ ಮೇಲೆ ಬಿಳಿ ಅಕ್ಷರ ಬಂದಾಗ ಮಸೂರ ಹಿಡಿಯಿರಿ. ಅಲ್ಲಿ ಬಿಳಿ ಎಂಬುದು ಎಲ್ಲೂ ಇರುವುದಿಲ್ಲ. ಕೆಂಪು, ಹಸಿರು, ನೀಲಿ ಪಟ್ಟಿಗಳು ಒತ್ತೊತ್ತಾಗಿ ನಿಂತಿರುತ್ತವೆ. ಪಕ್ಕದಲ್ಲಿ ಮಿಲಿಮೀಟರಿನ ಅಳತೆಪಟ್ಟಿಯನ್ನೂ ಇಟ್ಟು ಚಿತ್ರ ತೆಗೆದರೆ ಅದು ಬರಿಯ ಚಿತ್ರವಾಗದೆ ದಾಖಲೆಯೂ ಆಗುತ್ತದೆ.

ಇದೆಲ್ಲ ಆಟಿಕೆಯಂತೆ ತೋರಬಹುದು. ಆದರೆ ಒಂಟಿ ಮಸೂರದ ಕತೆ ದೊಡ್ಡದು. ಹಾಲೆಂಡಿನ ಬಟ್ಟೆ ವ್ಯಾಪಾರಿ ಲೇವೆನ್‌ಹುಕ್ 1670ರ ದಶಕದಲ್ಲಿ ಮೊದಲ ಬಾರಿಗೆ ಬ್ಯಾಕ್ಟೀರಿಯಾಗಳನ್ನು ಕಂಡದ್ದು ಒಂದೇ ಒಂದು ಗಾಜಿನ ಮಣಿಯಂಥ ಮಸೂರದಿಂದ. ಅದೇ ತತ್ತ್ವದ ಮೇಲೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನು ಪ್ರಕಾಶ್ ಮತ್ತು ಸಂಗಡಿಗರು ಕಾಗದ ಮಡಿಚಿ ಮಾಡುವ ಸೂಕ್ಷ್ಮದರ್ಶಕ ಫೋಲ್ಡ್‌ಸ್ಕೋಪನ್ನು 2014ರಲ್ಲಿ ಪ್ರಕಟಿಸಿದರು. ಅದನ್ನು ಫೋನಿಗೆ ಅಂಟಿಸಿಯೂ ಚಿತ್ರ ತೆಗೆಯಬಹುದು. ಅದೇ ವರ್ಷ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ಡೇನಿಯಲ್ ಫ್ಲೆಚರ್ ಅವರ ತಂಡ ಇನ್ನೊಂದು ಉಪಾಯ ತೋರಿಸಿತು: ಒಂದು ಫೋನಿನ ಮಸೂರವನ್ನೇ ಬಿಚ್ಚಿ, ಹಿಂದುಮುಂದಾಗಿ ತಿರುಗಿಸಿ ಇನ್ನೊಂದು ಫೋನಿನ ಎದುರಿಗಿಡುವುದು. ನಮ್ಮ ಲೆಕ್ಕ ನೆನಪಿದೆಯಲ್ಲ? ಎರಡು ಸಂಗಮದೂರಗಳೂ 5 ಮಿ.ಮೀ. ಆದರೆ ಭಾಗಲಬ್ಧ ಒಂದು. ವಸ್ತು ಎಷ್ಟಿದೆಯೋ ಬಿಂಬವೂ ಅಷ್ಟೇ. ಐದು ಮೈಕ್ರಾನಿನಷ್ಟು ಸಣ್ಣ ವಿವರವೂ ಬೇರೆಯಾಗಿ ಕಾಣುತ್ತದೆ. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ.

ಈ ತಿರುಗಿಸಿಟ್ಟ ಮಸೂರ ಆಫ್ರಿಕಾದ ಕ್ಯಾಮರೂನಿಗೆ ಹೋಯಿತು. ಅಲ್ಲಿ ಒಂದು ಜಾತಿಯ ಕಪ್ಪು ನೊಣದಿಂದ ಹರಡಿ ಮನುಷ್ಯರನ್ನು ಕುರುಡಾಗಿಸುವ ರೋಗವಿದೆ; ನದಿಗಳ ಬಳಿ ಹೆಚ್ಚಾದ್ದರಿಂದ ಅದಕ್ಕೆ ನದಿ ಕುರುಡು ಎಂದು ಹೆಸರು. ಐವರ್‌ಮೆಕ್ಟಿನ್ ಅದಕ್ಕೆ ಒಳ್ಳೆಯ ಔಷಧ. ಆದರೆ ಅದೇ ಪ್ರದೇಶದ ಕೆಲವರ ರಕ್ತದಲ್ಲಿ ಲೋವಾ ಲೋವಾ ಎಂಬ ಇನ್ನೊಂದು ಹುಳುವಿನ ಮರಿಗಳಿರುತ್ತವೆ. ಅವು ಅತಿಯಾಗಿದ್ದವರಿಗೆ ಈ ಔಷಧ ಕೊಟ್ಟರೆ ಪ್ರಜ್ಞೆ ತಪ್ಪಬಹುದು, ಪ್ರಾಣವೂ ಹೋಗಬಹುದು. ಯಾರಲ್ಲಿ ಅತಿಯಾಗಿವೆ ಎಂದು ತಿಳಿಯದೆ, ಅಂಜಿಕೆಯಿಂದ ಊರೂರುಗಳೇ ಔಷಧವಿಲ್ಲದೆ ಉಳಿದಿದ್ದವು.

ಫ್ಲೆಚರ್ ಅವರ ತಂಡದ ಪೆಟ್ಟಿಗೆಯಲ್ಲಿ ಒಂದು ಫೋನು, ತಿರುಗಿಸಿಟ್ಟ ಮಸೂರ, ಬೆರಳ ತುದಿಯಿಂದ ತೆಗೆದ ರಕ್ತಕ್ಕೊಂದು ಸಣ್ಣ ಗಾಜಿನ ನಳಿಗೆ ಇರುತ್ತವೆ. ಮರಿಹುಳು ಮಿಲಿಮೀಟರಿನ ಕಾಲು ಭಾಗದಷ್ಟು ಉದ್ದ. ಅದು ಹೊರಳಾಡುವಾಗ ಸುತ್ತಲಿನ ರಕ್ತಕಣಗಳು ಅಲುಗುತ್ತವೆ. ಫೋನು ಆ ಅಲುಗಾಟವನ್ನು ಚಿತ್ರೀಕರಿಸಿ ಹುಳುಗಳನ್ನು ಎಣಿಸುತ್ತದೆ. ಎರಡು ಮೂರು ನಿಮಿಷದ ಕೆಲಸ. ಈ ಮರಿಗಳು ಹಗಲು ಹೊತ್ತಿನಲ್ಲಷ್ಟೇ ಹೊರಮೈಯ ರಕ್ತಕ್ಕೆ ಬರುವುದರಿಂದ ಪರೀಕ್ಷೆಯೂ ಹಗಲಲ್ಲೇ ನಡೆಯಬೇಕು.

2015ರಲ್ಲಿ ಕ್ಯಾಮರೂನಿನ ಒಕೋಲಾ ಎಂಬ ಆರೋಗ್ಯ ಜಿಲ್ಲೆಯಲ್ಲಿ 16 ಸಾವಿರಕ್ಕೂ ಹೆಚ್ಚು ಜನರನ್ನು ಹೀಗೆ ಪರೀಕ್ಷಿಸಿದರು. ಹುಳು ಅತಿಯಾಗಿದ್ದವರು ನೂರಕ್ಕೆ ಇಬ್ಬರಂತೆ, 340 ಮಂದಿ. ಅವರಿಗೆ ಐವರ್‌ಮೆಕ್ಟಿನ್ ಕೊಡಲಿಲ್ಲ. ಔಷಧ ಪಡೆದವರು 15 ಸಾವಿರಕ್ಕೂ ಹೆಚ್ಚು. ಅವರಲ್ಲಿ ಯಾರಿಗೂ ಗಂಭೀರ ಅಪಾಯವಾಗಲಿಲ್ಲವೆಂದು 2017ರಲ್ಲಿ ಪ್ರಕಟವಾದ ವರದಿ ಹೇಳುತ್ತದೆ.