ಎಂಜಿನ್ನಿನ ಎಣ್ಣೆ ಸೋರಿಕೆ ಮತ್ತು ಮನೆಯಲ್ಲೇ ಗ್ಯಾಸ್ಕೆಟ್ ಬದಲಾವಣೆ

(ಸಂಘದ ಉಚಿತ ವಾಚನಾಲಯದಲ್ಲಿ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ಈ ಕೂಟದಲ್ಲಿ ಸಾಹಿತ್ಯ, ಇತಿಹಾಸ, ದಾಸರ ಪದಗಳ ಮಾತು ನಡೆಯುವುದು ವಾಡಿಕೆ. ಇಂದು ಎಣ್ಣೆ, ಮಸಿ, ಪಾನಾಗಳ ವಿಷಯವನ್ನು ಆಯ್ದುಕೊಂಡಿದ್ದೇನೆ. ನಮ್ಮಲ್ಲಿ ಬಹುಮಂದಿಯ ಅನ್ನ ಎರಡು ಗಾಲಿಗಳ ಮೇಲೆಯೇ ಬರುತ್ತದೆ. ಪಾರ್ಸೆಲು ಹಂಚುವವರು, ನಸುಕಿನಲ್ಲಿ ಹಾಲು ಹಾಕುವವರು, ರಾತ್ರಿ ಪಾಳಿ ಮುಗಿಸಿ ಬಸ್ಸಿಲ್ಲದ ಹೊತ್ತಿನಲ್ಲಿ ಮನೆಗೆ ತೆರಳುವವರು ಇಲ್ಲಿ ಕುಳಿತಿದ್ದೀರಿ. ಗಾಡಿ ನಿಂತರೆ ಅಂದಿನ ಸಂಪಾದನೆಯೂ ನಿಂತಂತೆ. ನಾನು ಮೆಕಾನಿಕನಲ್ಲ, ಗಿರಣಿಯ ಸ್ಟೋರಿನಲ್ಲಿ ಗುಮಾಸ್ತ. ಗ್ಯಾಸ್ಕೆಟ್ಟು, ವಾಷರು, ಆಯಿಲ್ ಸೀಲುಗಳನ್ನು ಪುಸ್ತಕದಲ್ಲಿ ಬರೆದು ಕೊಡುವುದು ನನ್ನ ಕೆಲಸ. ಕೊಟ್ಟ ಸಾಮಾನು ಎಲ್ಲಿ ಕೂಡುತ್ತದೆ, ಏಕೆ ಕೆಡುತ್ತದೆ ಎಂಬುದನ್ನು ಫಿಟ್ಟರುಗಳಿಂದ ಕೇಳಿ ಕಲಿತೆ. ಆಮೇಲೆ ನನ್ನ ಗಾಡಿಯ ಮೇಲೆಯೇ ಮಾಡಿ ನೋಡಿದೆ. ನಮ್ಮಲ್ಲಿ ಹೆಚ್ಚಿನವರು ಓಡಿಸುವ 100ರಿಂದ 125 ಸಿ.ಸಿ.ಯ ನಾಲ್ಕು ಸ್ಟ್ರೋಕಿನ ಮೋಟಾರ್ ಸೈಕಲ್ಲನ್ನೇ ಎದುರಿಗಿಟ್ಟುಕೊಂಡು ಮಾತಾಡುತ್ತೇನೆ.

ಮೊದಲು ಒಂದು ಲೆಕ್ಕ. ಇಂಥ ಎಂಜಿನ್ನಿನಲ್ಲಿ ಇರುವ ಎಣ್ಣೆ ಸುಮಾರು ಒಂದು ಲೀಟರು ಮಾತ್ರ. ಸೋರಿಕೆ ನಿಮಿಷಕ್ಕೆ ಒಂದೇ ಹನಿ ಎಂದು ಹಿಡಿಯಿರಿ. ದಿನಕ್ಕೆ 1440 ಹನಿಯಾಯಿತು. 25 ಹನಿಗೆ ಒಂದು ಮಿಲಿಲೀಟರು ಎಂದರೂ ದಿನಕ್ಕೆ 58, ವಾರಕ್ಕೆ 400 ಮಿಲಿಲೀಟರು! ಹನಿಗೂಡಿದರೆ ಹಳ್ಳ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಈ ಎಣ್ಣೆ ಸವೆತವನ್ನು ತಡೆಯುತ್ತದೆ, ಶಾಖವನ್ನೂ ಹೊರುತ್ತದೆ. ಮಟ್ಟ ತೀರ ಇಳಿದಾಗ ಪಂಪು ಎಣ್ಣೆಯ ಬದಲು ಗಾಳಿಯನ್ನು ಎಳೆಯುತ್ತದೆ. ಮೇಲ್ಭಾಗದಲ್ಲಿರುವ ಕ್ಯಾಮ್ ಶಾಫ್ಟು ಒಣಗಿ ಸವೆಯುತ್ತದೆ; ಪಿಸ್ಟನ್ನು ಸಿಲಿಂಡರಿನಲ್ಲಿ ಕಚ್ಚಿಕೊಳ್ಳುತ್ತದೆ. ಆಗ ಬೀಳುವ ಖರ್ಚು ಒಬ್ಬ ಕೂಲಿಕಾರನ ತಿಂಗಳ ಸಂಬಳವನ್ನೇ ನುಂಗಬಹುದು. ಸೋರಿದ ಎಣ್ಣೆ ಹಿಂದಿನ ಟೈರಿಗೆ ತಗಲಿದರಂತೂ ಪ್ರಾಣಕ್ಕೇ ಸಂಚಕಾರ; ಮಳೆಗಾಲದ ತಿರುವಿನಲ್ಲಿ ಅದು ಯಾರನ್ನೂ ಬಿಡುವುದಿಲ್ಲ.

ಇನ್ನು ಗ್ಯಾಸ್ಕೆಟ್ ಎಂದರೇನು? ಎಂಜಿನ್ನಿನ ಎರಡು ಭಾಗಗಳನ್ನು ಎಷ್ಟು ನಯವಾಗಿ ಕಡೆದರೂ ಕಣ್ಣಿಗೆ ಕಾಣದ ಏರುತಗ್ಗು ಉಳಿದೇ ಇರುತ್ತದೆ. ಆ ಸಂದಿಯನ್ನು ತುಂಬಲು ನಡುವೆ ಒತ್ತಿಟ್ಟ ಮೆತ್ತನೆಯ ತೆಳು ಹಾಳೆಯೇ ಗ್ಯಾಸ್ಕೆಟ್. ಪಕ್ಕದ ಮುಚ್ಚಳಗಳಿಗೆ ನಾರುಕಾಗದದ್ದು, ಟ್ಯಾಪೆಟ್ ಮುಚ್ಚಳಕ್ಕೆ ರಬ್ಬರಿನ ಉಂಗುರ, ಎಣ್ಣೆ ಇಳಿಸುವ ಬೋಲ್ಟಿಗೆ ತಾಮ್ರದ ಅಥವಾ ಅಲ್ಯೂಮಿನಿಯಮ್ ವಾಷರು. ಪ್ರತಿ ದಿನ ಕಾದು ಆರಿ, ಕಾದು ಆರಿ ಕಾಗದ ಗಡುಸಾಗುತ್ತದೆ, ರಬ್ಬರು ತನ್ನ ಪುಟಿತ ಕಳೆದುಕೊಳ್ಳುತ್ತದೆ. ಒತ್ತಿದಷ್ಟೂ ಮರಳಿ ಉಬ್ಬುವ ಗುಣ ಹೋದ ಮೇಲೆ ಬೋಲ್ಟನ್ನು ಎಷ್ಟು ಬಿಗಿದರೂ ಪ್ರಯೋಜನವಿಲ್ಲ. ಈ ಒಂದು ಮಾತನ್ನು ತಾವು ನೆನಪಿನಲ್ಲಿಟ್ಟುಕೊಂಡರೆ ನನ್ನ ಭಾಷಣ ಸಾರ್ಥಕ. ಸೋರಿಕೆ ಕಂಡೊಡನೆ ಪಾನಾ ಹಿಡಿದು ಬಲವೆಲ್ಲ ಹಾಕಿ ತಿರುಗಿಸುವುದು ನಮ್ಮವರ ರೂಢಿ. ಅಲ್ಯೂಮಿನಿಯಮ್ ಮೆದು ಲೋಹ. ಒಳಗಿನ ಹಲ್ಲು ಕಿತ್ತುಬರುತ್ತದೆ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ತಂದಂತೆ ಆಗುತ್ತದೆ.

ಎರಡನೆಯ ತಪ್ಪು ಎಲ್ಲಿ ಸೋರುತ್ತಿದೆ ಎಂದು ತಿಳಿಯದೆ ಬಿಚ್ಚುವುದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಕಥೆ ಅದು. ಎಣ್ಣೆ ಮೇಲಿಂದ ಕೆಳಗೆ ಇಳಿಯುತ್ತದೆ, ಓಡುವ ಗಾಡಿಯಲ್ಲಿ ಗಾಳಿ ಅದನ್ನು ಹಿಂದಕ್ಕೆ ತಳ್ಳುತ್ತದೆ. ಹನಿ ಬೀಳುವ ಜಾಗ ಒಂದು, ಹುಟ್ಟುವ ಜಾಗ ಇನ್ನೊಂದು. ಆದುದರಿಂದ ತಣ್ಣಗಾದ ಎಂಜಿನ್ನನ್ನು ಡೀಸೆಲಿನಲ್ಲಿ ಅದ್ದಿದ ಬ್ರಷ್ಷಿನಿಂದ ಉಜ್ಜಿ, ಸಾಬೂನು ನೀರಿನಿಂದ ತೊಳೆದು, ಪೂರ್ತಿ ಒಣಗಿಸಬೇಕು. ಮೇಲೆ ಮಕ್ಕಳ ಮೈಗೆ ಹಚ್ಚುವ ಪೌಡರನ್ನು ತೆಳ್ಳಗೆ ಉದುರಿಸಿ ಹತ್ತು ನಿಮಿಷ ಗಾಡಿ ಓಡಿಸಿ ಬನ್ನಿ. ಬಿಳಿಯ ಪುಡಿಯಲ್ಲಿ ಎಣ್ಣೆಯ ಗೆರೆ ಎಲ್ಲಿ ಆರಂಭವಾಗಿದೆಯೋ ಅದೇ ರೋಗದ ಮೂಲ. ಇಷ್ಟಕ್ಕೆ ಕಾಸಿನ ಖರ್ಚೂ ಇಲ್ಲ.

ಬಿಚ್ಚುವ ಮೊದಲು ಮತ್ತೆ ಎರಡು ಸಂಗತಿ ನೋಡಿರಿ. ಎಣ್ಣೆ ಹಾಕಬೇಕಾದುದಕ್ಕಿಂತ ಹೆಚ್ಚಾಗಿದೆಯೇ? ಎಂಜಿನ್ನಿನಿಂದ ಏರ್ ಫಿಲ್ಟರಿನ ಡಬ್ಬಿಗೆ ಹೋಗುವ ಉಸಿರುಕೊಳವೆ ಮಡಚಿದೆಯೇ, ಕೊಳೆ ಕಟ್ಟಿದೆಯೇ? ಅದು ಮುಚ್ಚಿದರೆ ಒಳಗೆ ಒತ್ತಡ ಏರಿ ಅತ್ಯಂತ ಬಡವಾದ ಕೂಡಿಕೆಯಿಂದ ಎಣ್ಣೆ ಹೊರಬರುತ್ತದೆ. ಇದನ್ನು ಸರಿಮಾಡದೆ ಹೊಸ ಗ್ಯಾಸ್ಕೆಟ್ ಹಾಕಿದರೆ ಅದೂ ಬಹುಕಾಲ ಬಾಳದು.

ಸುಲಭದ ಕೆಲಸದಿಂದ ಆರಂಭಿಸಿರಿ. ಕೆಳಗಿನ ಬೋಲ್ಟಿನ ವಾಷರನ್ನು ಎಣ್ಣೆ ಬದಲಿಸುವಾಗಲೆಲ್ಲ ಹೊಸದು ಹಾಕತಕ್ಕದ್ದು. ಟ್ಯಾಪೆಟ್ ಮುಚ್ಚಳದ ರಬ್ಬರ್ ಉಂಗುರ ಗಡುಸಾಗಿದ್ದರೆ ಹೊಸದಕ್ಕೆ ಚೂರು ಎಣ್ಣೆ ಸವರಿ ಕೂರಿಸಿದರೆ ಮುಗಿಯಿತು. ಕೈ ಪಳಗಿದ ಮೇಲೆ ಬಲಗಡೆಯ ಕ್ಲಚ್ ಮುಚ್ಚಳಕ್ಕೆ ಹೋಗಬಹುದು.

ಆ ಕೆಲಸದ ಕ್ರಮ ಹೀಗಿದೆ. ಗಾಡಿಯನ್ನು ಸಮನೆಲದಲ್ಲಿ ನಡುಸ್ಟ್ಯಾಂಡಿಗೆ ಹಾಕಿ, ಎಣ್ಣೆಯನ್ನು ಅಗಲ ತಟ್ಟೆಗೆ ಇಳಿಸಿರಿ. ಕಿಕ್ಕರು, ಅಡ್ಡ ಬರುವ ಬ್ರೇಕಿನ ಪೆಡಲು, ಕ್ಲಚ್ ತಂತಿ ಇವುಗಳನ್ನು ತೆಗೆಯಿರಿ. ಮುಚ್ಚಳದ ಬೋಲ್ಟುಗಳು ಎಲ್ಲವೂ ಒಂದೇ ಉದ್ದವಲ್ಲ. ಇಲ್ಲಿ ಗುಮಾಸ್ತನ ಬುದ್ಧಿ ಉಪಯೋಗಕ್ಕೆ ಬರುತ್ತದೆ. ರಟ್ಟಿನ ಮೇಲೆ ಮುಚ್ಚಳದ ಆಕಾರ ಬರೆದು, ಬೋಲ್ಟು ಇದ್ದ ಜಾಗದಲ್ಲೇ ತೂತು ಮಾಡಿ ಒಂದೊಂದನ್ನೂ ಅಲ್ಲಿ ಚುಚ್ಚಿಡಿರಿ. ಉದ್ದದ ಬೋಲ್ಟು ಗಿಡ್ಡದರ ಜಾಗಕ್ಕೆ ಹೋದರೆ ತಳಕ್ಕೆ ತಾಗಿ ಕವಚವನ್ನೇ ಸೀಳಬಹುದು.

ಮುಚ್ಚಳ ಅಂಟಿಕೊಂಡಿದ್ದರೆ ಮರದ ಕೊಡತಿಯಿಂದ ಸುತ್ತಲೂ ಮೆಲ್ಲನೆ ತಟ್ಟಿರಿ. ಸಂದಿಗೆ ಸ್ಕ್ರೂಡ್ರೈವರ್ ತೂರಿಸಕೂಡದು. ಬಿದ್ದ ಗಾಯ ಮುಂದೆ ಹೊಸ ಸೋರಿಕೆಗೆ ದಾರಿ. ಕೂಡಿಕೆಯಲ್ಲಿರುವ ಎರಡು ಸಣ್ಣ ಡೋವೆಲ್ ಪಿನ್ನುಗಳು ಕಳೆಯದಂತೆ ನೋಡಿಕೊಳ್ಳಿರಿ. ಒಳಭಾಗಕ್ಕೆ ಶುಭ್ರ ಬಟ್ಟೆ ಮುಚ್ಚಿ, ಹಳೆಯ ಕಾಗದವನ್ನು ಡೀಸೆಲಿನಿಂದ ನೆನೆಸಿ, ಬಿದಿರಿನ ಚಕ್ಕೆಯಿಂದ ತಾಳ್ಮೆಯಾಗಿ ಕೆರೆಯಿರಿ. ಬ್ಲೇಡು, ಉಳಿ, ಉಪ್ಪುಕಾಗದ ಬೇಡ. ತೀರ ಹಳೆಯ ಗಾಡಿಗಳ ಗ್ಯಾಸ್ಕೆಟ್ಟಿನಲ್ಲಿ ಕಲ್ನಾರು ಸೇರಿರುತ್ತಿತ್ತು. ಅದರ ದೂಳು ಶ್ವಾಸಕೋಶಕ್ಕೆ ಮಾರಕ. ಒಣಗಿದ್ದಾಗ ಉಜ್ಜದೆ ನೆನೆಸಿಯೇ ತೆಗೆಯಬೇಕು. ನಮ್ಮ ಮೈಸೂರಿನಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ, ಯೆಜ್ಡಿಗಳನ್ನು ಪ್ರೀತಿಯಿಂದ ಉಳಿಸಿಕೊಂಡವರು ಇದನ್ನು ವಿಶೇಷವಾಗಿ ಗಮನಿಸಬೇಕು. ಅವು ಎರಡು ಸ್ಟ್ರೋಕಿನವಾದುದರಿಂದ ಎಂಜಿನ್ನಿನ ಎಣ್ಣೆ ಪೆಟ್ರೋಲಿನಲ್ಲೇ ಬೆರೆತು ಉರಿಯುತ್ತದೆ. ಕೆಳಗೆ ತೊಟ್ಟಿಕ್ಕುವುದು ಸಾಮಾನ್ಯವಾಗಿ ಗೇರಿನ ಮತ್ತು ಕ್ಲಚ್ಚಿನ ಎಣ್ಣೆ.

ಎರಡು ಮುಖಗಳನ್ನೂ ಒರಸಿ ಒಣಗಿಸಿದ ಮೇಲೆ ಹೊಸ ಗ್ಯಾಸ್ಕೆಟ್ಟನ್ನು ಇಟ್ಟು, ತೂತಿಗೆ ತೂತು ಕೂಡುವುದೇ ಎಂದು ನೋಡಿರಿ. ಜಾರದಿರಲು ಒಂದು ಮಗ್ಗುಲಿಗೆ ಬೆರಳ ತುದಿಯಷ್ಟು ಗ್ರೀಸು ಸಾಕು. ಟ್ಯೂಬಿನ ಅಂಟನ್ನು ಧಾರಾಳವಾಗಿ ಮೆತ್ತುವವರಿದ್ದಾರೆ. ಹೊರಗೆ ಉಬ್ಬಿದ್ದು ಕಾಣುತ್ತದೆ, ಒಳಗೆ ಉಬ್ಬಿದ್ದು ಕಾಣುವುದಿಲ್ಲ. ಅದು ಹರಿದು ಎಣ್ಣೆಯ ಜಾಲರಿಗೆ ಅಡ್ಡ ನಿಂತರೆ ಎಂಜಿನ್ನಿನ ಗಂಟಲು ಕಟ್ಟಿದಂತೆಯೇ.

ಬೋಲ್ಟುಗಳನ್ನೆಲ್ಲ ಮೊದಲು ಕೈಯಿಂದಲೇ ತಿರುಗಿಸಿರಿ. ಆಮೇಲೆ ಪಾನಾದಿಂದ ಒಂದರ ಎದುರಿನದು ಇನ್ನೊಂದು ಎಂಬಂತೆ ಅಡ್ಡಡ್ಡಲಾಗಿ, ಮೂರು ಸುತ್ತಿನಲ್ಲಿ ಬಿಗಿ ಮಾಡಿರಿ. ಈ 6 ಮಿಲಿಮೀಟರ್ ಬೋಲ್ಟುಗಳಿಗೆ ಬೇಕಾದ ಬಿಗಿ ಸುಮಾರು 10 ನ್ಯೂಟನ್ ಮೀಟರ್. ಎಂದರೆ ಹತ್ತು ಸೆಂಟಿಮೀಟರ್ ಉದ್ದದ ಪಾನಾದ ತುದಿಗೆ ಹತ್ತು ಕಿಲೋ ಭಾರ ತೂಗಿದಷ್ಟು. ಮುಂಗೈಯ ಬಲ ಸಾಕು, ತೋಳಿನ ಬಲ ಬೇಡ. ಬಿಚ್ಚಿದ್ದನ್ನೆಲ್ಲ ಮರಳಿ ಜೋಡಿಸಿ, ಕ್ಲಚ್ಚಿನ ಸಡಿಲ ಸರಿಪಡಿಸಿ, ಗಾಡಿಯ ಪುಸ್ತಿಕೆಯಲ್ಲಿ ಹೇಳಿದ ಜಾತಿಯ ಎಣ್ಣೆಯನ್ನು ಹೇಳಿದಷ್ಟೇ ಹಾಕಿರಿ. ಮೂರು ನಿಮಿಷ ಎಂಜಿನ್ ನಡೆಸಿ, ನಿಲ್ಲಿಸಿ, ಸ್ವಲ್ಪ ಹೊತ್ತು ಬಿಟ್ಟು ಮಟ್ಟ ನೋಡಿರಿ. ಮರುದಿನ ಮತ್ತೆ ಪೌಡರಿನ ಪರೀಕ್ಷೆ. ಇಳಿಸಿದ ಹಳೆಯ ಎಣ್ಣೆಯನ್ನು ಗಟಾರಕ್ಕೆ ಸುರಿಯಬೇಡಿರಿ. ಡಬ್ಬಿಯಲ್ಲಿ ತುಂಬಿ ಅದನ್ನು ಸಂಗ್ರಹಿಸುವ ಗ್ಯಾರೇಜಿಗೆ ಕೊಡಿರಿ.

ಎಲ್ಲವನ್ನೂ ಮನೆಯಲ್ಲಿ ಮಾಡಬಹುದೆಂದು ನಾನು ಹೇಳುತ್ತಿಲ್ಲ. ಸಿಲಿಂಡರ್ ಹೆಡ್ಡಿನ ಗ್ಯಾಸ್ಕೆಟ್, ಎಂಜಿನ್ ಕವಚದ ನಟ್ಟನಡುವಿನ ಕೂಡಿಕೆ, ಇವುಗಳಿಗೆ ಅಳತೆಯ ಪಾನಾ ಬೇಕು, ಟೈಮಿಂಗ್ ಚೈನನ್ನು ಗುರುತಿಗೆ ಸರಿಯಾಗಿ ಕೂರಿಸುವ ಅನುಭವ ಬೇಕು. ಅಲ್ಲಿ ನುರಿತ ಮೆಕಾನಿಕನ ಕೈಗೇ ಒಪ್ಪಿಸಿರಿ, ಅವನ ಕೂಲಿಯನ್ನು ಚೌಕಾಸಿ ಮಾಡದೆ ಕೊಡಿರಿ. ಅವನೂ ನಮ್ಮಂತೆ ದುಡಿದು ತಿನ್ನುವವನು. ಆದರೆ ಸೋರುವ ಜಾಗವನ್ನು ತಾವೇ ಕಂಡುಕೊಂಡು ಹೋದರೆ, ಬೇಡದ ಸಾಮಾನಿನ ಬಿಲ್ಲು ತಲೆಗೆ ಬರುವುದಿಲ್ಲ.

ಕೊನೆಯದಾಗಿ ಒಂದು ವಿಜ್ಞಾಪನೆ. ಗಾಡಿ ಕೊಂಡಾಗ ಕೊಡುವ ಪುಸ್ತಿಕೆ ನಮ್ಮ ಬಹುಮಂದಿಯ ಮನೆಯಲ್ಲಿ ಪೆಟ್ಟಿಗೆಯ ತಳದಲ್ಲಿದೆ. ಅದು ಇಂಗ್ಲಿಷಿನಲ್ಲಿರುವುದರಿಂದ ತೆರೆಯುವ ಧೈರ್ಯವಿಲ್ಲ. ಎಣ್ಣೆ ಯಾವುದು, ಎಷ್ಟು, ಎಷ್ಟು ಕಿಲೋಮೀಟರಿಗೆ ಬದಲಿಸಬೇಕು ಎಂಬುದೆಲ್ಲ ಅದರಲ್ಲೇ ಅಚ್ಚಾಗಿರುವಾಗ ನಾವು ಬೀದಿಯಲ್ಲಿ ಕಂಡವರನ್ನು ಕೇಳುತ್ತೇವೆ. ಅದನ್ನು ಈ ವಾಚನಾಲಯಕ್ಕೆ ತನ್ನಿರಿ. ಓದಬಲ್ಲವರು ಓದಿ ಕನ್ನಡದಲ್ಲಿ ಹೇಳೋಣ, ಒಂದು ಹಾಳೆಯಲ್ಲಿ ಬರೆದುಕೊಡೋಣ. ಒಂದು ಜೊತೆ ಪಾನಾಗಳನ್ನೂ ಪುಸ್ತಕದಂತೆಯೇ ಸಹಿ ಮಾಡಿಸಿ ಎರವಲು ಕೊಡುವ ಏರ್ಪಾಟನ್ನು ಕಾರ್ಯಕಾರಿ ಸಮಿತಿ ಆಲೋಚಿಸಬೇಕೆಂದು ಕೋರುತ್ತೇನೆ. ಲೆಕ್ಕದ ಪುಸ್ತಕ ಇಡುವ ಹೊಣೆ ನನ್ನದು.