ಮರಳುನಾಡಿನ ಅಂಗಳದಲ್ಲೊಂದು ಕರಿಬೇವು

(ಮಹಿಳಾ ವೇದಿಕೆಯ ತಿಂಗಳ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



"ಜೈಸಲ್ಮೇರ್‌ನಲ್ಲಿ ಆರು ವರ್ಷ ಇದ್ದಿರಲ್ಲ, ಅಲ್ಲಿ ಮಾಡಿದ ಕೈತೋಟದ ಬಗ್ಗೆ ಮಾತಾಡಿ" ಎಂದು ಕಾರ್ಯದರ್ಶಿಯವರು ಹೇಳಿದಾಗ ನನಗೆ ನಗು ಬಂತು. ಒಂದು ಕರಿಬೇವು, ಎರಡು ಮಲ್ಲಿಗೆ, ಒಂದು ತುಳಸಿ. ನನ್ನ ಕೈತೋಟ ಅಂದರೆ ಇಷ್ಟೇ. ಆದರೆ ಆ ಕರಿಬೇವಿನ ಕಥೆಯೇ ನನಗೆ ಕೊಟ್ಟಿರುವ ಸಮಯಕ್ಕೆ ಸಾಕು.

ನನ್ನ ತವರು ಗದಗ. ನಮ್ಮ ಯಜಮಾನರದು ಗಾಳಿಯಂತ್ರಗಳ ಉಸ್ತುವಾರಿ ಕೆಲಸ. ಕಪ್ಪತಗುಡ್ಡದ ಕಡೆಯ ಗಾಳಿಯಂತ್ರಗಳನ್ನು ನೋಡಿದ್ದ ನನಗೆ, ಜೈಸಲ್ಮೇರ್‌ಗೆ ವರ್ಗವಾದಾಗ ಗಾಳಿ ಎಲ್ಲ ಕಡೆ ಒಂದೇ ಅನ್ನಿಸಿತ್ತು. ಹಾಗೇನಿಲ್ಲ. ಅಲ್ಲಿ ಮೇ ತಿಂಗಳಲ್ಲಿ 'ಲೂ' ಅಂತ ಬಿಸಿಗಾಳಿ ಬೀಸುತ್ತದೆ, ಉರಿಯುವ ಒಲೆಗೆ ಮುಖ ಒಡ್ಡಿದ ಹಾಗೆ. ಒಗೆದ ಸೀರೆಯ ಒಂದು ತುದಿ ಹಗ್ಗಕ್ಕೆ ಹಾಕಿ ಇನ್ನೊಂದು ತುದಿ ಹರವುವಷ್ಟರಲ್ಲಿ ಮೊದಲಿನದು ಒಣಗಿರುತ್ತಿತ್ತು. ವರ್ಷದ ಸರಾಸರಿ ಮಳೆ ಸುಮಾರು 200 ಮಿಲಿಮೀಟರ್ ಅಷ್ಟೇ ಇರುವ ಊರದು. ನಮ್ಮ ಬಡಾವಣೆಗೆ ಮೂರು ದಿನಕ್ಕೊಮ್ಮೆ, ಒಂದು ಗಂಟೆ ನಲ್ಲಿ ನೀರು.

ಹೋಗುವಾಗಲೇ ಅಮ್ಮನ ಹಿತ್ತಲಿನಿಂದ ಕರಿಬೇವಿನ ಸಸಿ ಒಯ್ದಿದ್ದೆ. ಎರಡು ತಿಂಗಳಲ್ಲಿ ಹೋಯಿತು. ಮುಂದಿನ ವರ್ಷ ಇನ್ನೊಂದು ಒಯ್ದೆ. ಈ ಸಲ ಬಹಳ ಜಾಣತನ ಮಾಡಿದೆ ಅಂದುಕೊಂಡಿದ್ದೆ. ಕುಡಿಯುವ ನೀರಿನ ಆರ್‌ಓ ಯಂತ್ರದಿಂದ ಹೊರಗೆ ಹೋಗುವ ನೀರು ಹಾಳಾಗಬಾರದು ಅಂತ ಬಕೆಟ್ ಇಟ್ಟು ಹಿಡಿದು ಅದನ್ನೇ ಗಿಡಕ್ಕೆ ಹಾಕಿದೆ. ಎಲೆಯ ತುದಿ ಕಂದಾಯಿತು, ಅಂಚು ಸುಟ್ಟಂತಾಯಿತು, ಎಲೆ ಉದುರಿ ಬರೀ ಕಡ್ಡಿ ಉಳಿಯಿತು. ಫೋನಿನಲ್ಲಿ ಅಮ್ಮ, "ಅಲ್ಲಿ ಗಿಡ ಹತ್ತೂದಿಲ್ಲ ಬಿಡವಾ, ಒಣಗಿಸಿ ಕಳಸ್ತೀನಿ" ಅಂದರು. ಫೋನ್ ಇಟ್ಟು ಅತ್ತುಬಿಟ್ಟೆ. ಒಂದು ಗಿಡಕ್ಕೆ ಯಾರಾದರೂ ಅಳುತ್ತಾರೆಯೇ? ಯಜಮಾನರು ಬೆಳಗ್ಗೆ ಹೋದರೆ ಕತ್ತಲಾದ ಮೇಲೆ ಬರೋರು. ಮಗಳು ಚಿಕ್ಕವಳು, ನನಗೆ ಹಿಂದಿಯೂ ಅಷ್ಟಕ್ಕಷ್ಟೆ. ಮಗಳನ್ನು ಕರೆದುಕೊಂಡು ಗದಗಕ್ಕೆ ಹೋಗಿ ಇದ್ದುಬಿಡೋಣ ಅಂತ ರೈಲಿನ ಟಿಕೆಟ್ಟನ್ನೂ ಮಾಡಿಸಿದ್ದೆ.

ಎದುರುಮನೆಯಲ್ಲಿ ಒಬ್ಬ ಹಿರಿಯ ಹೆಂಗಸು ಇದ್ದರು. ನಾನು ಅವರನ್ನು ಕಾಕೀಸಾ ಅನ್ನುತ್ತಿದ್ದೆ, ಅಂದರೆ ಚಿಕ್ಕಮ್ಮ. ಅವರಿಗೆ ನಾನು 'ಬೀಂದಣಿ', ಸೊಸೆ. ಒಂದು ದಿನ ಒಳಗೆ ಬಂದವರು ಕುಂಡದ ಮಣ್ಣಿನ ಮೇಲೆ ಕಟ್ಟಿದ್ದ ಬಿಳಿ ಪದರವನ್ನು ಬೆರಳಲ್ಲಿ ತೆಗೆದು, "ನಾಲಗೆಗೆ ಹಚ್ಚಿ ನೋಡು" ಅಂದರು. ಉಪ್ಪು! ಯಂತ್ರ ನಮ್ಮ ಲೋಟದ ನೀರಿನಿಂದ ತೆಗೆದ ಉಪ್ಪನ್ನೆಲ್ಲ ನಾನು ಗಿಡಕ್ಕೆ ಕುಡಿಸಿದ್ದೆ. (ಇಲ್ಲೂ ಎಷ್ಟೋ ಜನ ಹೀಗೆ ಮಾಡುತ್ತೀರಿ. ಆ ನೀರು ನೆಲ ಒರೆಸುವುದಕ್ಕೆ ಇರಲಿ, ಗಿಡಕ್ಕೆ ಬೇಡ.)

ಮರುದಿನ ಕಾಕೀಸಾ ಕುಂಬಾರರಿಂದ ಮೂರು ಮಡಕೆ ತರಿಸಿದರು. ಬಣ್ಣ ಹಚ್ಚದ, ಹೊಳಪು ಕೊಡದ, ನೀರು ಜಿನುಗುವ ಮಡಕೆಗಳು. ಬಿಸಿಲು ಕಡಿಮೆ ಬೀಳುವ ಗೋಡೆಯ ಪಕ್ಕ ಕುತ್ತಿಗೆ ಮಾತ್ರ ಕಾಣುವಂತೆ ನೆಲದಲ್ಲಿ ಹುಗಿದು, ನೀರು ತುಂಬಿ, ಬಾಯಿಗೆ ಮುಚ್ಚಳ ಮುಚ್ಚಿದೆವು. ಗಿಡ ಮಡಕೆಯಿಂದ ಒಂದು ಗೇಣು ದೂರ. ಸುತ್ತಲಿನ ಮಣ್ಣು ಒಣಗಿದಂತೆ ಮಡಕೆಯಿಂದ ನೀರು ತಾನಾಗಿ ಜಿನುಗುತ್ತದೆ, ಮಣ್ಣು ತೇವವಾಗಿದ್ದರೆ ಜಿನುಗುವುದು ಕಡಿಮೆಯಾಗುತ್ತದೆ. ನೀರು ಬೇರಿನ ಹತ್ತಿರವೇ ಇಳಿಯುವುದರಿಂದ ಬಿಸಿಲಿಗೆ ಆವಿಯಾಗಿ ಹೋಗುವುದು ಬಹಳ ಕಡಿಮೆ. ಅಕ್ಕಿ ತೊಳೆದ ನೀರನ್ನು ಸೋಸಿ ಹಾಕಬಹುದು, ಸೋಪಿನ ನೀರು ಹಾಕಬಾರದು. ಟಿಕೆಟ್ ಇತ್ತಲ್ಲ, ಗದಗಕ್ಕೆ ಹೋದೆ. ಹದಿನೈದು ದಿನಕ್ಕೆ ಮೂರನೆಯ ಸಸಿಯನ್ನು ಒದ್ದೆ ಗೋಣಿಯಲ್ಲಿ ಸುತ್ತಿಕೊಂಡು ವಾಪಸ್ ಬಂದೆ.

ಅದು ಚಿಗುರಿತು. ಆಗ ಬಂದಳು ಬೆಲ್ಲಿ. ಬೀದಿ ನಾಯಿ, ಬೆಲ್ಲದ ಬಣ್ಣ. ಬಿಸಿಲಿಗೆ ನಾಲಗೆ ಚಾಚಿಕೊಂಡು ಬಂದು, ಇಡೀ ಅಂಗಳದಲ್ಲಿ ತಂಪಾದ ಜಾಗ ಯಾವುದು ಅಂತ ಮೂಸಿ ಕಂಡುಹಿಡಿದು, ಕರಿಬೇವಿನ ಬುಡವನ್ನೇ ಕೆದರಿ ಮಲಗಿದಳು. ನಾನು ಪೊರಕೆ ತೆಗೆದುಕೊಂಡು ಓಡಿದೆ. ಎರಡು ಸಲ, ಮೂರು ಸಲ. ಕಾಕೀಸಾ ಗೇಟಿನಲ್ಲಿ ನಿಂತು ನೋಡಿ, "ಅದಕ್ಕೂ ಒಂದು ಮಡಕೆ ಹುಗಿ" ಅಂದರು. ನನಗೆ ಸಿಟ್ಟು ಬಂತು. ಮೂರು ದಿನಕ್ಕೊಮ್ಮೆ ಬರುವ ನೀರನ್ನು ನಾಯಿ ಮಲಗಲಿಕ್ಕೆ ನೆಲಕ್ಕೆ ಸುರಿಯಬೇಕೇ? ಅವರು ತಮ್ಮ ಬಾಲ್ಯ ಹೇಳಿದರು. ಹಳ್ಳಿಯಲ್ಲಿ ಮಂಚದ ಮೇಲೆ ಕೂತು ಸ್ನಾನವಂತೆ, ಕೆಳಗೆ ಅಗಲ ಪಾತ್ರೆ, ಅದರಲ್ಲಿ ಬಿದ್ದ ನೀರು ದನಕ್ಕೆ. "ನೀರು ಕಡಿಮೆ ಇದ್ದಾಗಲೇ ಪಾಲು ಮಾಡಬೇಕಾಗುತ್ತದೆ, ಜಾಸ್ತಿ ಇದ್ದರೆ ಯಾರು ಕೇಳುತ್ತಾರೆ" ಅಂದರು. ಬೇವಿನ ನೆರಳಲ್ಲಿ ನಾಲ್ಕನೆಯ ಮಡಕೆ ಹುಗಿದೆವು, ಗಿಡವಿಲ್ಲದ ಮಡಕೆ. ಬೆಲ್ಲಿ ಮತ್ತೆ ಕರಿಬೇವಿನ ಹತ್ತಿರ ಸುಳಿಯಲಿಲ್ಲ.

ಹನ್ನೊಂದು ಗಂಟೆಗೆ ಬಾಗಿಲು ಹಾಕಿದರೆ ಐದರವರೆಗೆ ಹೊರಗೆ ಹೆಜ್ಜೆ ಇಡುವ ಹಾಗಿಲ್ಲ. ಆ ಹೊತ್ತಿನಲ್ಲಿ ಕಾಕೀಸಾ 'ರಲ್ಲಿ' ಹೊಲಿಯುತ್ತಿದ್ದರು. ನೋಡಿದ ಕೂಡಲೇ "ಇದು ನಮ್ಮ ಕೌದಿ!" ಅಂದೆ. ಹಳೆಯ ಬಟ್ಟೆಯ ಪದರ, ಮೇಲೆ ಸಾಲುಸಾಲು ಎಳೆ ಹೊಲಿಗೆ. ನನ್ನ ಅಜ್ಜಿ ತುಂಡುಗಳನ್ನು ಇದ್ದ ಹಾಗೇ ಜೋಡಿಸುತ್ತಿದ್ದಳು. ಇವರು ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಕತ್ತರಿಸಿ, ಬಿಚ್ಚಿದಾಗ ಮೂಡುವ ಹೂವನ್ನು ಅಂಚು ಒಳಗೆ ಮಡಚಿ ಮೇಲೆ ಹೊಲಿಯುತ್ತಿದ್ದರು. ನನ್ನ ಇಳಕಲ್ ಸೀರೆಯ ಹರಿದ ಸೆರಗು, ಅವರ ಹಳೆಯ ಓಢಣಿ ಸೇರಿಸಿ ಒಂದು ದೊಡ್ಡ ಹೊದಿಕೆ ಮಾಡಿದೆವು. ಎರಡು ಬೇಸಿಗೆ ಹಿಡಿಯಿತು. ನನ್ನ ಹಿಂದಿ ಸುಧಾರಿಸಿದ್ದು ಆ ಹೊದಿಕೆಯ ಸುತ್ತ ಕೂತೇ.

ದಸರಾ ಹೊತ್ತಿಗೆ ನನಗೊಂದು ಸಂಗತಿ ತಿಳಿಯಿತು. ಅಲ್ಲಿ ಎಲ್ಲೆಲ್ಲೂ ಕಾಣುವ ಖೇಜಡಿ ಮರ ಬೇರೇನಲ್ಲ, ಶಮೀವೃಕ್ಷ, ನಮ್ಮ ಬನ್ನಿ. ಮೇ ಬಿಸಿಲಲ್ಲೂ ಹಸಿರಾಗಿರುವ ಮರ. ಇದನ್ನು ಉಳಿಸಲಿಕ್ಕೇ 1730ರಲ್ಲಿ ಜೋಧಪುರದ ಹತ್ತಿರ ಖೇಜಡಲಿಯಲ್ಲಿ ಅಮೃತಾ ದೇವಿ ಮತ್ತು ಬಿಷ್ಣೋಯಿ ಸಮುದಾಯದವರು, ಒಟ್ಟು 363 ಜನ ಪ್ರಾಣ ಕೊಟ್ಟರು. ನಾನು ನಾಲ್ಕು ಎಲೆ ತಂದು ಕಾಕೀಸಾ ಕೈಗಿಟ್ಟು, "ಬನ್ನಿ ತಗೊಂಡು ಬಂಗಾರದಂಗ ಇರೋಣ್ರಿ" ಅಂತ ಕಾಲು ಮುಟ್ಟಿದೆ. ಅವರು ಹೊಟ್ಟೆ ಹಿಡಿದು ನಕ್ಕರು. "ಆಡಿಗೆ ಹಾಕುವ ಎಲೆ ಇದು, ಬಂಗಾರ ಅಂತೀಯಾ!" ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಬರದ ವರ್ಷ ನಮ್ಮ ಆಡುಗಳು ಬದುಕಿದ್ದು ಇದರಿಂದಲೇ. ಬಂಗಾರವೇ ಸರಿ" ಅಂದರು. ಅಲ್ಲಿಂದ ಮುಂದೆ ಪ್ರತಿ ದಸರಾಕ್ಕೆ ಅವರೇ ಎಲೆ ತಂದುಕೊಡುತ್ತಿದ್ದರು.

ಪುಣೆಗೆ ವರ್ಗವಾದಾಗ ಹೊದಿಕೆ ನಮ್ಮೊಂದಿಗೆ ಬಂತು. ಕರಿಬೇವು ಆಳೆತ್ತರ ಬೆಳೆದಿತ್ತು, ಕೀಳುವ ಮಾತೇ ಇರಲಿಲ್ಲ. ಬೆಲ್ಲಿಯನ್ನು ಕರೆತರಲಿಲ್ಲ. ಇದನ್ನು ಹೇಳುವುದು ನನಗೆ ಇವತ್ತಿಗೂ ಕಷ್ಟ. ಮರಳಿನ ಮೇಲೆ ಹುಟ್ಟಿ ತಿರುಗಿದವಳು, ವಯಸ್ಸಾಗಿತ್ತು, ಇಲ್ಲಿ ಮೂರನೆಯ ಮಹಡಿಯ ಫ್ಲ್ಯಾಟು. ಅದು ಅವಳ ಒಳ್ಳೆಯದಕ್ಕೋ ನಮ್ಮ ಅನುಕೂಲಕ್ಕೋ ಅಂತ ಮಗಳು ಕೇಳಿದಳು. ಉತ್ತರ ಕೊಡಲು ಆಗಲಿಲ್ಲ. ಕಾಕೀಸಾ ಮಾತ್ರ, "ನಾಲ್ಕೂ ಮಡಕೆಗೆ ನೀರು ನನ್ನ ಲೆಕ್ಕ" ಅಂದರು. ಈಗ ಆ ಮನೆಗೆ ಬೇರೆಯವರು ಬಂದಿದ್ದಾರೆ, ಅವರೂ ಒಪ್ಪಿದ್ದಾರಂತೆ.

ಕಳೆದ ತಿಂಗಳು ಕಾಕೀಸಾ ಮೊಮ್ಮಗಳು ವಾಟ್ಸಾಪಿನಲ್ಲಿ ಒಂದು ಫೋಟೋ ಕಳಿಸಿದಳು. ಬೇವಿನ ನೆರಳಲ್ಲಿ ಹುಗಿದ ಮಡಕೆಗೆ ಬೆನ್ನು ಹಚ್ಚಿ ಬೆಲ್ಲಿ ಮಲಗಿದ್ದಾಳೆ. ಮೂತಿಯೆಲ್ಲ ಬೆಳ್ಳಗಾಗಿದೆ. ಹಿಂದೆ ಹಗ್ಗದ ಮೇಲೆ ಒಗ್ಗರಣೆಗೆಂದು ಒಣಗಲು ಕಟ್ಟಿದ ಕರಿಬೇವಿನ ಎರಡು ಕೊಂಬೆ.