ಮಂಜಿನ ಮುಂಜಾವು

ತಮ್ಮನ ಮಗಳ ಘಟಿಕೋತ್ಸವವು ಶನಿವಾರ ಅಪರಾಹ್ಣ 3 ಗಂಟೆಗೆ ದೆಹಲಿಯಲ್ಲಿ ಜರುಗುವುದೆಂದು ನಸುಕಿನಲ್ಲಿಯೇ ಎದ್ದು, ಮನೆಯಾಕೆ ಬಾಳೆಯೆಲೆಯಲ್ಲಿ ಸುತ್ತಿಕೊಟ್ಟ ಕಾಯಿಹೋಳಿಗೆಯ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ದೇವನಹಳ್ಳಿಯ ವಿಮಾನನಿಲ್ದಾಣದಲ್ಲಿ ಕುಳಿತಿದ್ದ ನನಗೆ, ಗಾಜಿನ ಗೋಡೆಯಾಚೆ ವಿಮಾನವಿರಲಿ, ಅದರ ರೆಕ್ಕೆಯ ತುದಿಯ ದೀಪವೂ ಕಾಣಿಸಲಿಲ್ಲ.

ಜನವರಿಯ ಮಂಜು! ನಿರಭ್ರವಾದ ರಾತ್ರಿಯಲ್ಲಿ ಭೂಮಿಯು ತನ್ನ ತಾಪವನ್ನು ಆಕಾಶಕ್ಕೆ ಬಿಟ್ಟುಕೊಟ್ಟು ತಣ್ಣಗಾಗಲು, ಅದನ್ನು ಸೋಂಕಿದ ಗಾಳಿಯ ತೇವವು ಸೂಕ್ಷ್ಮ ಹನಿಗಳಾಗಿ ನೆಲಕ್ಕಂಟಿಕೊಂಡೇ ನಿಲ್ಲುತ್ತದೆ, ಬಿಸಿಲೇರುವವರೆಗೆ ಕದಲದು. ಸೋಜಿಗವೆಂದರೆ, ಅದು ಕರಗಿದ ಮೇಲೂ ನಾವು ಹೊರಡಲಿಲ್ಲ. ನಮ್ಮನ್ನು ಒಯ್ಯಬೇಕಾದ ವಿಮಾನವು ಬೇರೊಂದು ಊರಿನಿಂದ ಬಂದು, ಇಲ್ಲಿ ಇಳಿಯಲಾರದೆ ಚೆನ್ನೈಗೆ ತಿರುಗಿತ್ತು; ಅಷ್ಟರಲ್ಲಿ ಅದರ ಚಾಲಕರ ಕೆಲಸದ ಅವಧಿಯೂ ನಿಯಮದಂತೆ ಮುಗಿದುಹೋಗಿತ್ತಂತೆ.

ನನ್ನ ಚಡಪಡಿಕೆಯನ್ನು ಕಂಡ ಪಕ್ಕದ ಅಜ್ಜಿಯೊಬ್ಬರು, "ನಾವು ರೈಲಲ್ಲಿ ಎರಡು ರಾತ್ರಿ ಕೂತು ದಿಲ್ಲಿಗೆ ಹೋಗ್ತಿದ್ವಪ್ಪ" ಎಂದರು. ಅವರಿಗೊಂದು ಹೋಳಿಗೆ ಕೊಟ್ಟೆ.

ಗುರುಕುಲದಿಂದ ಹೊರಡುವ ಶಿಷ್ಯನಿಗೆ ಆಚಾರ್ಯನು ನೀಡುವ, ತೈತ್ತಿರೀಯ ಉಪನಿಷತ್ತಿನ ಶೀಕ್ಷಾವಲ್ಲಿಯಲ್ಲಿರುವ ಆ ಉಪದೇಶವನ್ನು ಘಟಿಕೋತ್ಸವಗಳಲ್ಲಿ ಓದುವ ವಾಡಿಕೆಯುಂಟಷ್ಟೆ; ಅದನ್ನು ನಾನು ದೇವನಹಳ್ಳಿಯಲ್ಲಿಯೇ ಕುಳಿತು, ತಮ್ಮನು ಹಿಡಿದಿದ್ದ ಫೋನಿನ ಮೂಲಕ, ಚಪ್ಪಾಳೆಯ ಸದ್ದಿನ ನಡುವೆ ಅರ್ಧಂಬರ್ಧವಾಗಿ ಕೇಳಿದೆನು.

ಅಂತೂ ದೆಹಲಿ ಸೇರಿದಾಗ, ರಾತ್ರಿ ಹತ್ತಕ್ಕೆ ಹುಡುಗಿಯು, ಆ ಹೊತ್ತಿಗೆ ತೆಗೆದಿಡಬಹುದಾಗಿದ್ದ ಕಪ್ಪು ನಿಲುವಂಗಿಯಲ್ಲಿಯೇ ಬಾಗಿಲು ತೆರೆದು, "ದೊಡ್ಡಪ್ಪ, ಹೋಳಿಗೆ?" ಎಂದಳು. ಡಬ್ಬಿಯಲ್ಲಿ ನಾಲ್ಕು ಉಳಿದಿದ್ದವು. ಅಜ್ಜಿ ತಿಂದದ್ದು ಒಂದೇ. ಮಿಕ್ಕ ಲೆಕ್ಕವನ್ನು ನಾನು ಹೇಳಲಿಲ್ಲ.